ಹಳೆ ಕಾರಿಗೆ ಹೊಸ ಸ್ಟೀರಿಯೊ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಕಾರು ಅಂದರೆ ಒಬ್ಬೊಬ್ಬರಿಗೆ ಒಂದೊಂದು. ಕೆಲವರದು ಕ್ಯಾಸೆಟ್ ಪ್ಲೇಯರ್ ಇದ್ದ ತೊಂಬತ್ತರ ದಶಕದ ಗಾಡಿ. ಇನ್ನು ಕೆಲವರದು ಎರಡು ಗುಂಡಿಗಳ ನಡುವೆ ಮುಳ್ಳು ಓಡುವ ರೇಡಿಯೊ ಇದ್ದ, ಅಥವಾ ರೇಡಿಯೊ ಎಂಬುದೇ ಇಲ್ಲದ ಅರವತ್ತರ ದಶಕದ ಗಾಡಿ. ಮೊದಲಿನದು ಒಂದು ಮಧ್ಯಾಹ್ನದ ಕೆಲಸ, ಎರಡನೆಯದಕ್ಕೆ ತಾಳ್ಮೆ ಬೇಕು. ಎರಡರಲ್ಲೂ ಒಂದು ಸಂಗತಿ ಸಮಾನ: ಇಷ್ಟು ವರ್ಷಗಳಲ್ಲಿ ಆ ಡ್ಯಾಶ್‌ಬೋರ್ಡ್ ಹಿಂದೆ ಯಾರು ಯಾರು ಕೈ ಹಾಕಿದ್ದಾರೋ ಹೇಳಲಾಗದು. ಹಾಗಾಗಿ ವೈರಿನ ಬಣ್ಣ ನೋಡಿ ನಂಬಬೇಡಿ, ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿ ನಂಬಿ. ಕೆಳಗಿನ ಉತ್ತರಗಳಲ್ಲಿ ಇದೇ ಮಾತು ಮತ್ತೆ ಮತ್ತೆ ಬಂದರೆ ಬೇಸರಿಸಬೇಡಿ.

ನನ್ನ ಕಾರಿನಲ್ಲಿ ಹೊಸ ಸ್ಟೀರಿಯೊ ಕೂರುತ್ತದೆಯೇ? ಹೇಗೆ ತಿಳಿಯುವುದು?

ಮುಂಭಾಗದ ಅಳತೆಗೆ ಒಂದು ಮಾನಕವಿದೆ. ಜರ್ಮನಿಯ ಡಿನ್ ಮಾನಕವಾಗಿ ಶುರುವಾಗಿ ಆಮೇಲೆ ಐಎಸ್‌ಒ 7736 ಆಯಿತು. ಸಿಂಗಲ್ ಡಿನ್ ಅಂದರೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್ ಅಂದರೆ ಅದೇ ಅಗಲ, ಎತ್ತರ ಮಾತ್ರ 100 ಮಿ.ಮೀ. ಆಯತಾಕಾರದ ಕ್ಯಾಸೆಟ್ ಪ್ಲೇಯರ್ ಇದ್ದ ಕಾರಾದರೆ ಬಹುಮಟ್ಟಿಗೆ ಸಿಂಗಲ್ ಡಿನ್ ಕೂರುತ್ತದೆ.

ಜನ ಮರೆಯುವುದು ಆಳವನ್ನು. ಮಾನಕ ಅಗಲ ಎತ್ತರಗಳನ್ನು ಕಟ್ಟಿಹಾಕಿದಂತೆ ಆಳವನ್ನು ಎಲ್ಲರೂ ಪಾಲಿಸುವುದಿಲ್ಲ. ಸಿಡಿ ಇರುವ ಯೂನಿಟ್‌ಗಳು ಸಾಮಾನ್ಯವಾಗಿ 160ರಿಂದ 180 ಮಿ.ಮೀ. ಆಳ. ಹಿಂದೆ ಕಪ್ಲರ್ (ವೈರ್‌ಗಳನ್ನು ಒಟ್ಟಿಗೆ ಸಿಕ್ಕಿಸುವ ಕನೆಕ್ಟರ್), ಆಂಟೆನಾ ಪ್ಲಗ್ ಮಡಚಿಕೊಳ್ಳಲು ಇನ್ನೂ ಮೂರು ನಾಲ್ಕು ಸೆಂಟಿಮೀಟರ್ ಬೇಕು. ಹಳೆ ಕಾರುಗಳಲ್ಲಿ ಆ ಜಾಗದಲ್ಲಿ ಹೀಟರ್ ಪೆಟ್ಟಿಗೆಯೋ ವೈಪರ್ ಸರಳೋ ಅಡ್ಡ ಬಂದಿರುತ್ತದೆ. ಸಿಡಿ ಬೇಡದವರಿಗೆ ಇದೊಂದು ಅನುಕೂಲ: ಬ್ಲೂಟೂತ್, ಯುಎಸ್‌ಬಿ ಮಾತ್ರ ಇರುವ ಯೂನಿಟ್‌ಗಳ ಆಳ ಎಷ್ಟೋ ಕಡಿಮೆ. ಕೊಳ್ಳುವ ಮೊದಲು ಅದೇ ಅಳತೆಯ ರಟ್ಟಿನ ಡಬ್ಬಿ ಮಾಡಿ ಆ ಗೂಡಿಗೆ ತೂರಿಸಿ ನೋಡಿ. ನಗು ಬಂದರೂ ಪರವಾಗಿಲ್ಲ, ಟೇಪಿನ ಅಳತೆಗಿಂತ ಇದು ಮೇಲು.

ಎರಡು ಗುಂಡಿಯ ರೇಡಿಯೊ ಇದ್ದ ಕಾರು. ಡ್ಯಾಶ್‌ಬೋರ್ಡ್ ಕತ್ತರಿಸಲೇಬೇಕೆ?

ಬೇಡ. ಒಮ್ಮೆ ಕತ್ತರಿಸಿದ ಲೋಹದ ಡ್ಯಾಶ್‌ಬೋರ್ಡನ್ನು ಮೊದಲಿನಂತೆ ಮಾಡುವುದು ಸ್ಟೀರಿಯೊ ಕೂರಿಸುವುದಕ್ಕಿಂತ ಹತ್ತು ಪಟ್ಟು ಕಷ್ಟ.

ಮೂರು ದಾರಿ ಇವೆ. ಎರಡು ದಂಡಿನ ಹಳೆ ವಿನ್ಯಾಸದಲ್ಲೇ ಬ್ಲೂಟೂತ್ ಇರುವ ರೇಡಿಯೊಗಳು ಸಿಗುತ್ತವೆ. ದಂಡುಗಳ ನಡುವಿನ ಅಂತರ ಹೊಂದಿಸಬಹುದಾದ್ದನ್ನೇ ಆರಿಸಿ. ಎರಡನೆಯದು, ಹಳೆ ರೇಡಿಯೊದ ಮುಖ ಹಾಗೇ ಉಳಿಸಿ ಒಳಗಿನ ಸರ್ಕ್ಯೂಟ್ ಮಾತ್ರ ಹೊಸದಾಗಿಸುವುದು. ಇದು ಕೈ ಪಳಗಿದವರ ಕೆಲಸ. ಮೂರನೆಯದು ನನಗೆ ಹೆಚ್ಚು ಹಿಡಿಸಿದ್ದು: ಹೊಸ ಯೂನಿಟನ್ನು ಗ್ಲೋವ್ ಬಾಕ್ಸ್ ಒಳಗೋ ಸೀಟಿನ ಕೆಳಗೋ ಇಟ್ಟು, ಹಾಡು ಬದಲಾಯಿಸುವುದನ್ನು ರಿಮೋಟ್‌ಗೆ ಬಿಡುವುದು. ಡ್ಯಾಶ್‌ಬೋರ್ಡ್‌ನಲ್ಲಿ ಹಳೆ ರೇಡಿಯೊ ಹಾಗೇ ಕೂತಿರುತ್ತದೆ, ನೋಡಿದವರಿಗೆ ಹಾಡು ಅದರಿಂದಲೇ ಬಂದಂತೆ ಅನಿಸುತ್ತದೆ.

ಕೊಳ್ಳುವ ಮೊದಲು ಕಾರಿನಲ್ಲಿ ಏನು ನೋಡಬೇಕು?

ಎರಡು ವಿಷಯ: ಎಷ್ಟು ವೋಲ್ಟ್, ಮತ್ತು ಬ್ಯಾಟರಿಯ ಯಾವ ತುದಿ ಕಾರಿನ ಲೋಹದ ಬಾಡಿಗೆ ಕೂಡಿದೆ (ಹೀಗೆ ಬಾಡಿಗೆ ಕೂಡಿಸುವುದನ್ನೇ ಅರ್ಥ್ ಅನ್ನುವುದು). ತೊಂಬತ್ತರ ದಶಕದ ಕಾರಿನವರು ಈ ಉತ್ತರ ಬಿಟ್ಟು ಮುಂದೆ ಹೋಗಬಹುದು.

ಬ್ಯಾಟರಿಯ ಮೇಲೆ ನೀರು ತುಂಬುವ ಮುಚ್ಚಳ ಆರಿದ್ದರೆ 12 ವೋಲ್ಟ್, ಮೂರಿದ್ದರೆ 6 ವೋಲ್ಟ್. ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಕಾರುಗಳು 1960ರ ದಶಕದ ಮಧ್ಯದವರೆಗೂ 6 ವೋಲ್ಟ್‌ನಲ್ಲೇ ಓಡಿದವು. ಈಗಿನ ಸ್ಟೀರಿಯೊಗಳಿಗೆಲ್ಲ 12 ವೋಲ್ಟ್ ಬೇಕು. ಪೂರ್ತಿ ಕಾರನ್ನು 12ಕ್ಕೆ ಬದಲಿಸದೆ, 6ರಿಂದ 12ಕ್ಕೆ ಏರಿಸುವ ಕನ್ವರ್ಟರ್ ಹಾಕಿದರೆ ಸಾಕಾಗುತ್ತದೆ. ಆದರೆ ಶಕ್ತಿ ಅಷ್ಟೇ ಇರುವುದರಿಂದ ಬ್ಯಾಟರಿ ಕಡೆಯ ಕರೆಂಟ್ ಎರಡು ಪಟ್ಟು ದಾಟುತ್ತದೆ. ಆ ಕಡೆಯ ವೈರ್ ದಪ್ಪನಾಗಿರಲಿ.

ಅರ್ಥ್ ವಿಷಯ ಇನ್ನೂ ಗಂಭೀರ. 1960ರ ದಶಕದವರೆಗೆ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಬಾಡಿಗೆ ಕೂಡಿರುತ್ತಿತ್ತು. ಹೊಸ ಸ್ಟೀರಿಯೊದ ಲೋಹದ ಕವಚ ನೆಗೆಟಿವ್, ಆಂಟೆನಾ ಪ್ಲಗ್‌ನ ಹೊರ ತಗಡೂ ನೆಗೆಟಿವ್. ಇಂಥ ಕಾರಿನಲ್ಲಿ ಅದನ್ನು ಡ್ಯಾಶ್‌ಬೋರ್ಡ್‌ಗೆ ತಾಗಿಸಿದ ಕ್ಷಣ ನೇರ ಶಾರ್ಟ್. ವೈರ್ ಅದಲು ಬದಲು ಮಾಡಿದರೆ ಆಯಿತು ಅಂದುಕೊಂಡವರ ಸ್ಟೀರಿಯೊ ಹೊಗೆಯಾಡಿದ್ದನ್ನು ನೋಡಿದ್ದೇನೆ.

ಒಂದು ಪರಿಹಾರ, ಒಳಬರುವ ಮತ್ತು ಹೊರಹೋಗುವ ಬದಿ ಪೂರ್ತಿ ಬೇರೆಯಾಗಿರುವ ಐಸೊಲೇಟೆಡ್ ಕನ್ವರ್ಟರ್ ಹಾಕಿ, ಸ್ಟೀರಿಯೊ ಕವಚ ಮತ್ತು ಆಂಟೆನಾ ಬುಡ ಬಾಡಿಗೆ ತಾಗದಂತೆ ನೋಡಿಕೊಳ್ಳುವುದು. ಇನ್ನೊಂದು, ಕಾರನ್ನೇ ನೆಗೆಟಿವ್ ಅರ್ಥ್‌ಗೆ ಬದಲಿಸುವುದು. ಬ್ಯಾಟರಿ ತಿರುಗಿಸಿ, ಡೈನಮೊದ (ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಹಳೆ ಕಾಲದ ಜನರೇಟರ್) ವೈರ್ ಕಳಚಿ ಅದರ ಫೀಲ್ಡ್ ಟರ್ಮಿನಲ್‌ಗೆ ಬ್ಯಾಟರಿಯ ಪಾಸಿಟಿವ್ ಕ್ಷಣಮಾತ್ರ ತಾಗಿಸಿ ಅದರ ಕಾಂತತ್ವ ತಿರುಗಿಸಬೇಕು. ಸ್ಪಾರ್ಕ್ ಪ್ಲಗ್‌ಗೆ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ವೈರ್, ಆಮೀಟರ್ ವೈರ್ ಅದಲು ಬದಲಾಗಬೇಕು. ಕಾರಿನಲ್ಲಿ ಡೈನಮೊ ಬದಲು ಈಚಿನ ಆಲ್ಟರ್ನೇಟರ್ ಇದ್ದರೆ ಈ ಕೆಲಸ ಹೀಗೆ ಮಾಡಲೇಬೇಡಿ, ಒಳಗಿನ ಡಯೋಡ್‌ಗಳು ಸುಟ್ಟುಹೋಗುತ್ತವೆ.

ಸ್ಟೀರಿಯೊ ಹಿಂದಿನ ಬಣ್ಣದ ವೈರ್‌ಗಳಲ್ಲಿ ಯಾವುದು ಏನು?

ಹೆಚ್ಚಿನ ಕಂಪನಿಗಳು ಒಂದೇ ಪದ್ಧತಿ ಅನುಸರಿಸುತ್ತವೆ. ಹಳದಿ: ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್, ನೆನಪೂ ಮುಖ್ಯ ಶಕ್ತಿಯೂ ಇದರಿಂದಲೇ. ಕೆಂಪು: ಕೀ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್. ಕಪ್ಪು: ಅರ್ಥ್. ನೀಲಿ: ಮೋಟರ್ ಆಂಟೆನಾಗೆ. ನೀಲಿಯ ಮೇಲೆ ಬಿಳಿ ಗೆರೆ: ಆಂಪ್ಲಿಫೈಯರ್ ಎಬ್ಬಿಸುವ ವೈರ್. ಕಿತ್ತಳೆ: ಡ್ಯಾಶ್‌ಬೋರ್ಡ್ ದೀಪ ಹಾಕಿದಾಗ ಸ್ಟೀರಿಯೊ ಬೆಳಕು ಮಂದವಾಗಿಸಲು.

ಸ್ಪೀಕರ್‌ಗಳಿಗೆ ಎದುರಿನ ಎಡ ಬಿಳಿ, ಎದುರಿನ ಬಲ ಬೂದು, ಹಿಂದಿನ ಎಡ ಹಸಿರು, ಹಿಂದಿನ ಬಲ ನೇರಳೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಆ ಸ್ಪೀಕರಿನ ನೆಗೆಟಿವ್.

ಈ ಪಟ್ಟಿ ಸ್ಟೀರಿಯೊ ಕಡೆಗೆ ಮಾತ್ರ. ಕಾರಿನ ಕಡೆ ಇರುವ ವೈರ್‌ಗಳಿಗೆ ಇದು ಲಾಗೂ ಆಗುವುದಿಲ್ಲ. ಹಳದಿಯನ್ನು ಹಳದಿಗೆ, ಕೆಂಪನ್ನು ಕೆಂಪಿಗೆ ಕೂಡಿಸಿಕೊಂಡು ಹೋಗಬೇಡಿ.

ಹಾಗಾದರೆ ಕಾರಿನ ಕಡೆಯ ವೈರ್ ಗುರುತಿಸುವುದು ಹೇಗೆ?

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ಬಾಡಿ ಲೋಹಕ್ಕೆ ಒತ್ತಿ. ಕೀ ತೆಗೆದಿರುವಾಗಲೂ ಸುಮಾರು 12.6 ತೋರಿಸುವ ವೈರ್ ಸದಾ ಜೀವಂತ, ಸ್ಟೀರಿಯೊದ ಹಳದಿ ಅದಕ್ಕೆ. ಕೀ ತಿರುಗಿಸಿದಾಗ ಮಾತ್ರ ಬರುವುದು ಕೆಂಪಿಗೆ. ಹೆಡ್‌ಲೈಟ್ ಸ್ವಿಚ್ ಹಾಕಿದಾಗ ಬರುವುದು ದೀಪದ್ದು, ಅದನ್ನು ಕೆಂಪಿಗೆ ಕೂಡಿಸಿದರೆ ರಾತ್ರಿ ಮಾತ್ರ ಹಾಡುತ್ತದೆ. ತಮಾಷೆಯಲ್ಲ, ಹಾಗೆ ಕೂಡಿಸಿದ ಕಾರು ಒಂದು ನನ್ನ ಕೈಗೆ ಬಂದಿತ್ತು. ಗುರುತಿಸಿದ ಪ್ರತಿ ವೈರಿಗೂ ಕಾಗದದ ಚೀಟಿ ಅಂಟಿಸಿ. ಇದೆಲ್ಲ ಮುಗಿದ ಮೇಲೆ ಬ್ಯಾಟರಿಯ ಅರ್ಥ್ ತುದಿ ಕಳಚಿ, ಆಮೇಲಷ್ಟೇ ಜೋಡಣೆಗೆ ಕೈ ಹಾಕಿ.

ಯುರೋಪಿನ ಎಷ್ಟೋ ಕಾರುಗಳಲ್ಲಿ ಎಂಟೆಂಟು ಪಿನ್ನಿನ ಎರಡು ಐಎಸ್‌ಒ ಕಪ್ಲರ್ ಇರುತ್ತವೆ, ಒಂದು ಶಕ್ತಿಗೆ, ಒಂದು ಸ್ಪೀಕರ್‌ಗಳಿಗೆ. ಅದಿದ್ದರೆ ವೈರ್ ಕತ್ತರಿಸದೆ ಅಡಾಪ್ಟರ್ ಸಿಕ್ಕಿಸಿ. ಕಾರಿನ ಕಪ್ಲರನ್ನು ಕತ್ತರಿಸಿ ಎಸೆಯುವುದಂತೂ ಯಾವತ್ತೂ ಬೇಡ.

ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿಹೋಗುತ್ತಿದೆ.

ಹಳದಿ, ಕೆಂಪು ಅದಲು ಬದಲಾಗಿವೆ. ಐಎಸ್‌ಒ ಕಪ್ಲರ್ ಇದ್ದರೆ 4 ಮತ್ತು 7ನೇ ಪಿನ್ ನೋಡಿ. ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಫೋಕ್ಸ್‌ವ್ಯಾಗನ್ ಬಳಗದವುಗಳಲ್ಲಿ, ಇವೆರಡು ತಿರುಗುಮುರುಗಾಗಿರುತ್ತವೆ.

ನನ್ನ ಕಾರಿನ ಕೀಗೆ ಆನ್, ಆಫ್ ಬಿಟ್ಟರೆ ಬೇರೆ ಸ್ಥಾನವೇ ಇಲ್ಲ. ಕೆಂಪು ವೈರ್ ಎಲ್ಲಿಗೆ?

ಫ್ಯೂಸ್ ಪೆಟ್ಟಿಗೆಯಲ್ಲಿ ಕೀ ಹಾಕಿದಾಗ ಮಾತ್ರ ಜೀವ ಬರುವ ಒಂದು ಫ್ಯೂಸ್ ಹುಡುಕಿ, ಅದರ ಹೊರಹೋಗುವ ಬದಿಯಿಂದ ಸಣ್ಣ ಫ್ಯೂಸ್ ಸಹಿತ ವೈರ್ ತೆಗೆಯಿರಿ. ಇಗ್ನಿಷನ್ ಕಾಯಿಲ್‌ಗೆ ಹೋಗುವ ವೈರನ್ನು ಮುಟ್ಟಬೇಡಿ. ಅಲ್ಲೊಂದು ಸಡಿಲ ಜಾಯಿಂಟ್ ಆದರೆ ಹಾಡಿನ ಜೊತೆ ಎಂಜಿನ್ನೂ ನಿಲ್ಲುತ್ತದೆ.

ಇನ್ನೊಂದು ತೊಡಕು: ಪಾಯಿಂಟ್ ಇಗ್ನಿಷನ್ (ಎಲೆಕ್ಟ್ರಾನಿಕ್ ಅಲ್ಲದ, ಯಾಂತ್ರಿಕ ಸ್ವಿಚ್‌ನಿಂದ ಕಿಡಿ ಹಾರಿಸುವ ಹಳೆ ಪದ್ಧತಿ) ಇರುವ ಕಾರಿನಲ್ಲಿ ಎಂಜಿನ್ ಓಡಿಸದೆ ಕೀ ಆನ್ ಇಟ್ಟು ಹಾಡು ಕೇಳುತ್ತ ಕೂತರೆ ಕಾಯಿಲ್ ಬಿಸಿಯೇರಿ ಹಾಳಾಗಬಹುದು. ನಿಂತ ಕಾರಿನಲ್ಲಿ ಹಾಡು ಕೇಳುವ ಅಭ್ಯಾಸ ಇದ್ದರೆ ಕೆಂಪು ವೈರಿಗೆ ಕೀಯಿಂದ ಬೇರೆಯಾಗಿ ಒಂದು ಸ್ವಿಚ್ ಹಾಕಿಬಿಡಿ. ಇಳಿಯುವಾಗ ಆರಿಸುವುದನ್ನು ಮಾತ್ರ ಮರೆಯಬಾರದು.

ಕಾರಿನಲ್ಲಿ ಸ್ಪೀಕರ್‌ಗೆ ಒಂದೇ ವೈರ್ ಇದೆ, ಇನ್ನೊಂದು ತುದಿ ಬಾಡಿಗೆ ಕೂಡಿದೆ. ಹಾಗೇ ಬಳಸಬಹುದೆ?

ಖಂಡಿತ ಬಳಸಬಾರದು. ಹಳೆ ಕಾರಿನಲ್ಲಿ ಹೊಸ ಸ್ಟೀರಿಯೊ ಸಾಯುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೆಯ ರೇಡಿಯೊಗಳಲ್ಲಿ ಸ್ಪೀಕರಿನ ಒಂದು ತುದಿಗೆ ಮಾತ್ರ ಸಂಗೀತ ಬರುತ್ತಿತ್ತು, ಇನ್ನೊಂದು ತುದಿ ಅರ್ಥ್. ಹಾಗಾಗಿ ವೈರ್ ಉಳಿಸಲು ಆ ತುದಿಯನ್ನು ಬಾಡಿಗೆ ಕೂಡಿಸಿಬಿಡುತ್ತಿದ್ದರು, ಇಲ್ಲವೇ ಎರಡು ಮೂರು ಸ್ಪೀಕರ್‌ಗಳಿಗೆ ಸೇರಿ ಒಂದೇ ನೆಗೆಟಿವ್ ವೈರ್ ಓಡಿಸುತ್ತಿದ್ದರು. ಈಗಿನ ಸ್ಟೀರಿಯೊಗಳಲ್ಲಿ ಪ್ರತಿ ಸ್ಪೀಕರಿಗೂ ಎರಡು ಆಂಪ್ಲಿಫೈಯರ್ ಎದುರುಬದುರಾಗಿ ಕೆಲಸ ಮಾಡುತ್ತವೆ. ಒಂದು ತುದಿ ಏರಿದಾಗ ಇನ್ನೊಂದು ಇಳಿಯುತ್ತದೆ. ಅದರಿಂದಲೇ 12 ವೋಲ್ಟ್‌ನಲ್ಲೂ ಅಷ್ಟು ಜೋರು ಸದ್ದು ಬರುವುದು. ಅಂದರೆ ನೆಗೆಟಿವ್ ಎಂದು ಗುರುತಿಸಿದ ವೈರ್ ಕೂಡ ಅರ್ಥ್ ಅಲ್ಲ, ಎರಡರಲ್ಲೂ ಬ್ಯಾಟರಿ ವೋಲ್ಟೇಜಿನ ಸುಮಾರು ಅರ್ಧ ಸದಾ ನಿಂತಿರುತ್ತದೆ. ಅದನ್ನು ಬಾಡಿಗೆ ಕೂಡಿಸಿದರೆ ಶಾರ್ಟ್. ಕೆಲವು ಯೂನಿಟ್‌ಗಳು ತಾವೇ ಆಫ್ ಆಗಿ ಬಚಾವಾಗುತ್ತವೆ, ಕೆಲವು ಆಗುವುದಿಲ್ಲ.

ಪರೀಕ್ಷೆ ಸುಲಭ. ಹಳೆ ರೇಡಿಯೊ ಕಳಚಿ, ಮೀಟರನ್ನು ಓಮ್‌ಗೆ ಇಟ್ಟು ಪ್ರತಿ ಸ್ಪೀಕರ್ ವೈರಿನಿಂದ ಬಾಡಿಗೆ ಅಳೆಯಿರಿ. ಯಾವುದೂ ಕೂಡಿರಬಾರದು. ಕೂಡಿದ್ದರೆ ಆ ಹಳೆ ವೈರ್ ಹಾಗೇ ಬಿಟ್ಟು, ಪ್ರತಿ ಸ್ಪೀಕರಿಗೆ ಎರಡೆರಡು ಹೊಸ ವೈರ್ ಎಳೆಯಿರಿ. ಬಾಗಿಲ ರಬ್ಬರ್ ಕೊಳವೆಯಲ್ಲಿ ವೈರ್ ತೂರಿಸುವುದು ಬೆರಳು ನೋಯಿಸುವ ಕೆಲಸ, ಆದರೂ ತಗಡಿನ ತೂತಿನಲ್ಲಿ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಉಂಗುರ) ಇಲ್ಲದೆ ವೈರ್ ಓಡಿಸಬೇಡಿ.

ಹಳೆ ಸ್ಪೀಕರ್‌ಗಳನ್ನೇ ಇಟ್ಟುಕೊಳ್ಳಬಹುದೆ?

ಕಾಗದದ ಕೋನಿನ ಅಂಚು ಮೆಲ್ಲಗೆ ಒತ್ತಿ ನೋಡಿ. ಪುಡಿಯಾಗಿ ಬೆರಳಿಗೆ ಅಂಟಿದರೆ ಅದರ ಆಯುಸ್ಸು ಮುಗಿದಿದೆ. ಚೆನ್ನಾಗಿದ್ದರೆ ಓಮ್ ಅಳೆಯಿರಿ. 4 ಓಮ್ ಸ್ಪೀಕರ್ ಮೀಟರಿನಲ್ಲಿ ಮೂರು ಚಿಲ್ಲರೆ ತೋರಿಸುತ್ತದೆ, ಅದು ಸರಿಯೇ. ಹಳೆಯವು 8 ಅಥವಾ 10 ಓಮ್ ಇರುವುದುಂಟು. ಅವುಗಳಿಂದ ಸ್ಟೀರಿಯೊಗೆ ಅಪಾಯವಿಲ್ಲ, ಸದ್ದು ಮೆಲ್ಲಗಿರುತ್ತದೆ ಅಷ್ಟೆ. 4 ಓಮ್‌ಗಿಂತ ಕಡಿಮೆಯಾಗುವುದೇ ಅಪಾಯ. ಒಂದು ಚಾನೆಲ್‌ಗೆ ಎರಡು 4 ಓಮ್ ಸ್ಪೀಕರನ್ನು ಪ್ಯಾರಲಲ್ ಕೂಡಿಸಿದರೆ 2 ಆಗುತ್ತದೆ, ಹೆಚ್ಚಿನ ಯೂನಿಟ್‌ಗಳು ಅದನ್ನು ತಾಳುವುದಿಲ್ಲ.

ಡ್ಯಾಶ್‌ಬೋರ್ಡ್ ಮಧ್ಯೆ ಒಂದೇ ಸ್ಪೀಕರ್ ಇರುವ ಕಾರಿನವರು ಎಡ, ಬಲ ಎರಡೂ ವೈರ್‌ಗಳನ್ನು ಅದಕ್ಕೇ ಸೇರಿಸಲು ಹೋಗುತ್ತಾರೆ. ಬೇಡ, ಎರಡು ಚಾನೆಲ್ ಒಂದನ್ನೊಂದು ಸುಡುತ್ತವೆ. ಒಂದೇ ಕೋನಿಗೆ ಎರಡು ಸುರುಳಿ ಇರುವ ಸ್ಪೀಕರ್ ಸಿಗುತ್ತದೆ: ಒಂದು ಸುರುಳಿಗೆ ಎಡ, ಇನ್ನೊಂದಕ್ಕೆ ಬಲ.

ಬಾಗಿಲಿಗೆ ಸ್ಪೀಕರ್ ಹಾಕುವಾಗ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದೆಸೆಯಬೇಡಿ. ಗಾಜಿನ ಸಂದಿಯಿಂದ ಇಳಿಯುವ ಮಳೆನೀರನ್ನು ತಡೆಯುವುದು ಅದೇ.

ಹಾಡು ಬರುತ್ತಿದೆ, ಆದರೆ ಬೇಸ್ ಇಲ್ಲ, ಟೊಳ್ಳು ಟೊಳ್ಳಾಗಿ ಕೇಳುತ್ತದೆ.

ಒಂದು ಸ್ಪೀಕರಿನ ಪ್ಲಸ್ ಮೈನಸ್ ತಿರುಗಿದೆ. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗಿ ಬೇಸ್ ಪರಸ್ಪರ ಕಳೆದುಹೋಗುತ್ತದೆ. ಸ್ಟೀರಿಯೊದಿಂದ ವೈರ್ ಬಿಡಿಸಿ, 1.5 ವೋಲ್ಟ್‌ನ ಸಣ್ಣ ಸೆಲ್ ಕ್ಷಣ ತಾಗಿಸಿ. ಕೋನ್ ಹೊರಗೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್.

ಡಬ್ಬಿಯ ಮೇಲೆ 50 ವ್ಯಾಟ್ ಗುಣಿಸು 4 ಎಂದಿದೆ. ಅಷ್ಟು ಶಕ್ತಿ ನನ್ನ ಹಳೆ ಡೈನಮೊ ಕೊಡುತ್ತದೆಯೇ?

ಅದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಸ್ಟೀರಿಯೊದ ಹಿಂದಿನ ಫ್ಯೂಸ್ ನೋಡಿ, ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್. 14.4 ವೋಲ್ಟ್ ಗುಣಿಸು 10 ಅಂದರೆ 144 ವ್ಯಾಟ್ ಒಳಹೋಗುವುದು, ಅದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಇನ್ನು 200 ಹೊರಬರುವುದೆಲ್ಲಿಂದ? ನಿಜವಾದ ಆರ್‌ಎಂಎಸ್ ಶಕ್ತಿ, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ, ಚಾನೆಲ್‌ಗೆ 15ರಿಂದ 20 ವ್ಯಾಟ್ ಆಸುಪಾಸು. ಕಾರಿನೊಳಗೆ ಅದು ಧಾರಾಳ.

ಡೈನಮೊ ಮಾತು ಬೇರೆ. ಲೂಕಸ್ ಸಿ40ಯಂಥ ಡೈನಮೊದ ಗರಿಷ್ಠವೇ 22 ಆಂಪಿಯರ್, ಅದೂ ಎಂಜಿನ್ ಚೆನ್ನಾಗಿ ತಿರುಗುವಾಗ. ಐಡ್ಲಿಂಗ್‌ನಲ್ಲಿ ಬಹುತೇಕ ಏನೂ ಬರುವುದಿಲ್ಲ. ಹೆಡ್‌ಲೈಟ್ ಎರಡೂ ಸೇರಿ ಎಂಟು ಹತ್ತು ಆಂಪಿಯರ್ ನುಂಗುತ್ತವೆ. ಸಾಧಾರಣ ವಾಲ್ಯೂಮಿನಲ್ಲಿ ಸ್ಟೀರಿಯೊ ಕೇಳುವುದು ಎರಡು ಮೂರು ಆಂಪಿಯರ್, ಇದು ನಡೆಯುತ್ತದೆ. ಆಂಪ್ಲಿಫೈಯರ್, ಸಬ್‌ವೂಫರ್ ಆಸೆ ಇದ್ದರೆ ಮೊದಲು ಆಲ್ಟರ್ನೇಟರ್ ಹಾಕಿಸಿ. ಆಗಲೂ ಆಂಪ್ಲಿಫೈಯರಿನ ದಪ್ಪ ವೈರಿಗೆ ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಇರಲೇಬೇಕು.

ಜಾಯಿಂಟ್ ಹೇಗೆ ಮಾಡಬೇಕು? ತಿರುಚಿ ಟೇಪ್ ಸುತ್ತಿದರೆ ಸಾಲದೆ?

ಸಾಲದು. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಹಿಂದೆ ಇನ್ಸುಲೇಶನ್ ಟೇಪಿನ ಗೋಂದು ಕರಗಿ, ಟೇಪ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ಇಕ್ಕಳದಿಂದ ಒತ್ತಿದ ಕ್ರಿಂಪ್, ಅದರ ಮೇಲೆ ಬಿಸಿಗೆ ಕುಗ್ಗುವ ಸ್ಲೀವ್. ಬೆಸುಗೆಯೂ ಆಗುತ್ತದೆ, ಆದರೆ ಬೆಸುಗೆ ಮುಗಿಯುವ ಜಾಗದಲ್ಲಿ ವೈರ್ ಗಟ್ಟಿಯಾಗಿ ಅಲುಗಾಟಕ್ಕೆ ಮುರಿಯುವುದುಂಟು, ಹತ್ತಿರವೇ ಕಟ್ಟಿ ನಿಲ್ಲಿಸಿ. ವೈರಿನ ಮೇಲೆ ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್‌ಗಳು ನನಗೆ ಆಗಿಬರುವುದಿಲ್ಲ, ಹಳೆ ವೈರಿನ ಎಳೆಗಳನ್ನೇ ಅವು ಕತ್ತರಿಸಿರುತ್ತವೆ. ಕಾರಿನ ವೈರಿನ ಹೊದಿಕೆ ಮುಟ್ಟಿದರೆ ಉದುರುವಂತಿದ್ದರೆ ಅದಕ್ಕೆ ಏನನ್ನೂ ಕೂಡಿಸಬೇಡಿ. ಬ್ಯಾಟರಿಯಿಂದ ಫ್ಯೂಸ್ ಸಹಿತ ಹೊಸ ವೈರ್ ಎಳೆದುಬಿಡಿ.

ಎಂಜಿನ್ ಸದ್ದಿನ ಜೊತೆ ಏರಿಳಿಯುವ ಸುಂಯ್ ಎಂಬ ಸದ್ದು. ಏನು ಮಾಡಲಿ?

ಮೊದಲು ಕಪ್ಪು ವೈರ್ ಎಲ್ಲಿ ಕೂಡಿದೆ ನೋಡಿ. ಡ್ಯಾಶ್‌ಬೋರ್ಡ್ ಸ್ಕ್ರೂ ಒಳ್ಳೆಯ ಅರ್ಥ್ ಅಲ್ಲ, ಅದು ಬಣ್ಣದ ಮೇಲೋ ಪ್ಲಾಸ್ಟಿಕ್ಕಿನಲ್ಲೋ ಕೂತಿರುತ್ತದೆ. ಬಾಡಿಯ ಗಟ್ಟಿ ಲೋಹದ ಒಂದು ಜಾಗ ಉಜ್ಜಿ ಹೊಳಪು ಬರಿಸಿ, ಉಂಗುರದ ಟರ್ಮಿನಲ್ ಹಾಕಿ ಬೋಲ್ಟ್ ಬಿಗಿಯಿರಿ. ಅರ್ಧ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಮುಗಿಯದಿದ್ದರೆ ಸದ್ದು ಯಾವ ದಾರಿಯಿಂದ ಬರುತ್ತಿದೆ ಎಂದು ಹುಡುಕಿ. ಫೋನ್ ಚಾರ್ಜ್‌ಗೆ ಹಾಕಿ ಆಕ್ಸ್ ವೈರಿನಲ್ಲಿ ಹಾಡು ಕೇಳುವಾಗ ಮಾತ್ರ ಬಂದರೆ ಅದು ಗ್ರೌಂಡ್ ಲೂಪ್, ಅಂದರೆ ಅರ್ಥ್‌ಗೆ ಎರಡು ದಾರಿ ಆಗಿ ಸುತ್ತು ಕಟ್ಟಿದೆ. ಚಾರ್ಜರ್ ಕಿತ್ತರೆ ನಿಲ್ಲುತ್ತದೆ. ಬ್ಲೂಟೂತ್‌ನಲ್ಲಿ ಕೇಳಿ, ಇಲ್ಲವೇ ಐಸೊಲೇಟರ್ ಹಾಕಿ. ರೇಡಿಯೊದಲ್ಲಿ ಮಾತ್ರ ಬಂದರೆ ಆಂಟೆನಾ ಪ್ಲಗ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗಾಳಿಯಲ್ಲಿ ಬರುತ್ತಿರುವ ಇಗ್ನಿಷನ್ ಕಿರಿಕಿರಿ. ಟಿಕ್ ಟಿಕ್ ಎನ್ನುವ ಸದ್ದು ಇದೇ ಜಾತಿ. ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್, ಕಾಯಿಲ್‌ಗೆ ಕರೆಂಟ್ ಬರುವ ಟರ್ಮಿನಲ್‌ನಿಂದ ಬಾಡಿಗೆ 1 ಮೈಕ್ರೊಫ್ಯಾರಡ್ ಸಪ್ರೆಸರ್ (ಕಿರಿಕಿರಿ ತಗ್ಗಿಸುವ ಕೆಪಾಸಿಟರ್), ಇವೆರಡು ಕೆಲಸ ಮಾಡುತ್ತವೆ. ಸಪ್ರೆಸರನ್ನು ಪಾಯಿಂಟ್ ಕಡೆಯ ಟರ್ಮಿನಲ್‌ಗೆ ಹಾಕಿದರೆ ಎಂಜಿನ್ ಓಡುವುದೇ ತೊಡಕಾಗುತ್ತದೆ. ಹೊರಗಿನ ಆಂಪ್ಲಿಫೈಯರ್ ಇದ್ದರೆ ಅದಕ್ಕೆ ಸಂಗೀತ ಒಯ್ಯುವ ಆರ್‌ಸಿಎ ವೈರನ್ನು ಕಾರಿನ ಒಂದು ಬದಿಗೆ, ಕರೆಂಟಿನ ವೈರನ್ನು ಇನ್ನೊಂದು ಬದಿಗೆ ಓಡಿಸಿ.

ಹೊಸ ಸ್ಟೀರಿಯೊದಲ್ಲಿ ಎಫ್ಎಂ ಹಳೆಯದಕ್ಕಿಂತ ಮಂಕು.

ಆಂಟೆನಾ ಬುಡ ತುಕ್ಕು ಹಿಡಿದು ಬಾಡಿಗೆ ತಾಗುತ್ತಿರುವುದಿಲ್ಲ. ಪ್ಲಗ್ಗಿನ ನಡು ಪಿನ್ನಿನಿಂದ ಕಡ್ಡಿಗೆ ಸಂಪರ್ಕ ಇರಬೇಕು, ಹೊರ ತಗಡಿನಿಂದ ಬಾಡಿಗೆ ಇರಬೇಕು, ಇವೆರಡರ ನಡುವೆ ಇರಬಾರದು. ಒಳಗೇ ಬೂಸ್ಟರ್ ಇರುವ ಆಂಟೆನಾ ಆದರೆ ಅದಕ್ಕೆ ನೀಲಿ ವೈರಿನ 12 ವೋಲ್ಟ್ ಬೇಕು.

ಎರಡು ದಿನ ಕಾರು ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆ.

ಎಲ್ಲ ಆರಿಸಿ, ಬ್ಯಾಟರಿಯ ಅರ್ಥ್ ತುದಿ ಕಳಚಿ, ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ನಡುವೆ ಕೂಡಿಸಿ. ಆ ಹೊತ್ತಿನಲ್ಲಿ ಸ್ಟಾರ್ಟ್ ಮಾಡಿದರೆ ಮೀಟರ್ ಹೋಯಿತು ಅಂತಲೇ ಲೆಕ್ಕ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಇದ್ದರೆ 40 ಆಂಪಿಯರ್ ಅವರ್ ಬ್ಯಾಟರಿ ಎರಡು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ. ಕೆಂಪು ವೈರನ್ನು ಸದಾ ಜೀವಂತವಿರುವ ವೈರಿಗೆ ಕೂಡಿಸಿರುವುದೋ, ಆಂಪ್ಲಿಫೈಯರ್ ಮಲಗದೇ ಇರುವುದೋ ಕಾರಣವಾಗಿರುತ್ತದೆ.

ತಗಡಿನ ಪಂಜರ ಹಾಕಿ ಸ್ಟೀರಿಯೊ ಸಿಕ್ಕಿಸಿದ್ದೇನೆ, ಆದರೂ ರಸ್ತೆ ಗುಂಡಿಯಲ್ಲಿ ಕಾರು ಹಾರಿದಾಗ ಅಲುಗುತ್ತದೆ.

ಪಂಜರದ ಕಿವಿಗಳನ್ನು ಬಗ್ಗಿಸಿದರಷ್ಟೇ ಸಾಲದು. ಯೂನಿಟ್ಟಿನ ಬೆನ್ನಿಗೆ ಒಂದು ಬೋಲ್ಟ್ ಇದೆ, ಅದರಿಂದ ತೂತಿನ ಪಟ್ಟಿಯೊಂದನ್ನು ಹಿಂದಿನ ಲೋಹಕ್ಕೆ ಬಿಗಿಯಿರಿ.

ಕಾರಿನಲ್ಲಿ ಏರ್‌ಬ್ಯಾಗ್ ಇದೆ. ಬೇರೆ ಎಚ್ಚರಿಕೆ ಬೇಕೆ?

ಬೇಕು. ತೊಂಬತ್ತರ ದಶಕದ ಕಾರುಗಳಲ್ಲಿ ಇದ್ದೀತು. ಬ್ಯಾಟರಿ ಕಳಚಿ, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಏರ್‌ಬ್ಯಾಗ್ ಕಪ್ಲರ್‌ಗಳು ಹೆಚ್ಚಾಗಿ ಹಳದಿ ಬಣ್ಣದಲ್ಲಿರುತ್ತವೆ, ಅವಕ್ಕೆ ಮೀಟರ್ ಕಡ್ಡಿ ಕೂಡ ತಾಗಿಸಬೇಡಿ. ಕಂಪನಿಯ ರೇಡಿಯೊಗೆ ಕೋಡ್ ಇದ್ದರೆ ಕಳಚುವ ಮೊದಲೇ ಹುಡುಕಿಟ್ಟುಕೊಳ್ಳಿ.

ತೆಗೆದ ಹಳೆ ರೇಡಿಯೊ ಏನು ಮಾಡಲಿ?

ಇಟ್ಟುಕೊಳ್ಳಿ. ಕೆಟ್ಟಿದ್ದರೂ ಇಟ್ಟುಕೊಳ್ಳಿ. ಗುಂಡಿಗಳು, ನಟ್ಟು, ಮುಂದಿನ ಪಟ್ಟಿ ಎಲ್ಲ ಒಂದು ಚೀಲದಲ್ಲಿ ಹಾಕಿ ರೇಡಿಯೊಗೇ ಕಟ್ಟಿ. ಯಾವ ವೈರ್ ಎಲ್ಲಿತ್ತು ಎಂದು ಬರೆದ ಚೀಟಿಯನ್ನೂ ಅದರೊಳಗೇ ಇಡಿ. ತೇವ ತಾಗದ ಜಾಗ ಸಾಕು. ಮುಂದೊಂದು ದಿನ ಕಾರು ಕೊಳ್ಳಲು ಬಂದವರು ಮೊದಲು ಕೇಳುವುದು ಅದನ್ನೇ, ನೀವೂ ಆ ಕಾರು ಕೊಂಡ ದಿನ ಕೇಳಿರುತ್ತೀರಿ.